ರಂಗಜ್ಜಿ ಮನೆಯ ಹೆಪ್ಪು

ರಂಗಜ್ಜಿಯ ಅಡುಗೆಮನೆಯಲ್ಲಿ ಉಪ್ಪಿನಕಾಯಿ ಜಾಡಿಯೂ ಮೊಸರಿನ ಕುಡಿಕೆಯೂ ಅಕ್ಕಪಕ್ಕ ಇದ್ದವು. ಬೀದಿಯವರು ಯಾರೇ ಹೆಪ್ಪು ಕೇಳಿ ಬಂದರೂ ಅಜ್ಜಿ ಕುಡಿಕೆಯಿಂದ ಒಂದು ಚಮಚ ಮೊಸರು ಕೊಡುತ್ತಿದ್ದಳು.

“ಅಜ್ಜಿಯೂ ನಿನ್ನಂತೆಯೇ,” ಎಂದಿತು ಜಾಡಿ. “ಮನೆಯವರಿಗೆ ದುಡಿದದ್ದು ಸಾಲದೆಂದು ಬೀದಿಯ ಬಾಣಂತಿಯರಿಗೆಲ್ಲ ನೀರೆರೆದು ಸವೆದಳು. ನನ್ನನ್ನು ನೋಡು, ಬಾಯಿಗೆ ಬಟ್ಟೆ ಕಟ್ಟಿಕೊಂಡು ಹೇಗೆ ತುಂಬಿದ್ದೇನೆ!”

“ಕೊಡದೆ ಇಟ್ಟುಕೊಂಡರೆ ನಾನು ಹುಳಿಯುತ್ತೇನೆ,” ಎಂದಿತು ಕುಡಿಕೆ.

ತುಂಬು ವಯಸ್ಸಿನಲ್ಲಿ ಅಜ್ಜಿ ತೀರಿಕೊಂಡಳು. ಸೂತಕದ ಮನೆಯಲ್ಲಿ ಹಳೆಯ ಪದಾರ್ಥ ಉಳಿಸಬಾರದೆಂದು ಎರಡನ್ನೂ ಬರಿದುಮಾಡಿ, ತೊಳೆದು, ಬೋರಲು ಹಾಕಿದರು.

“ನಾನೂ ಖಾಲಿ, ನೀನೂ ಖಾಲಿ. ಕೊಟ್ಟು ಏನು ಕಂಡೆ?” ಎಂದಿತು ಜಾಡಿ.

ಸೂತಕ ಕಳೆದ ಸಂಜೆ ಸೊಸೆ ಹಾಲು ಕಾಯಿಸಿದಳು. ಹೆಪ್ಪಿಗೆ ಮನೆಯಲ್ಲಿ ಹನಿ ಮೊಸರಿರಲಿಲ್ಲ. ಅದು ತಿಳಿದು ಎದುರುಮನೆಯ ಹಸೀನಾಬಿ ಮೊಸರಿನ ಬಟ್ಟಲು ಹಿಡಿದು ಬಂದಳು.

“ತಗೋ ಅಕ್ಕಾ, ಇದು ನಿಮ್ಮತ್ತೆ ಕೊಟ್ಟ ಹೆಪ್ಪೇ. ನಮ್ಮನೆಯಲ್ಲಿ ಇವತ್ತಿಗೂ ಅದರದ್ದೇ ಮೊಸರು.”

ಬೆಳಗಾಗುವಷ್ಟರಲ್ಲಿ ಕುಡಿಕೆ ತುಂಬ ಗಟ್ಟಿ ಮೊಸರು. ಜಾಡಿ ಇನ್ನೂ ಬೋರಲೇ ಬಿದ್ದಿತ್ತು. ಬಾಗಿಲಲ್ಲಿ ಹೆಂಗಸೊಬ್ಬಳು ಲೋಟ ಹಿಡಿದು, ರೂಢಿ ತಪ್ಪದೆ, ಕೂಗಿದಳು:

“ರಂಗಜ್ಜೀ, ಒಂಚೂರು ಹೆಪ್ಪು ಇದೆಯಾ?”

ಸೊಸೆ ಒಳಗಿನಿಂದಲೇ ಓಗೊಟ್ಟಳು: “ಇದೆ, ಬಾರೇ.”