ಬಾವಿಗೆ ಇಳಿಯುವವನ ಬೀಡಿ

"ಅಜ್ಜಾರ, ಬೀಡಿ ಬಿಟ್ಟು ಇವತ್ತಿಗೆ ಹದಿನಾರು ದಿನ ಆತು. ಆಸೆ ಮಾತ್ರ ಬಿಟ್ಟಿಲ್ಲ. ಮುಂಜಾನೆ ಒಲಿ ಹಚ್ಚುವಾಗ ಬರತೈತಿ. ಉಂಡು ಎದ್ದ ಕೂಡಲೇ ಬರತೈತಿ. ನಿಮ್ಮ ಮುಂದ ಕುಂತೀನಿ, ಈಗೂ ಬಂದೈತಿ. ನನ್ನ ಸಂಕಲ್ಪದಾಗ ಏನೋ ಖೋಟಿ ಇರಬೇಕು. ಇದನ್ನ ನಾನು ಗೆಲ್ಲೂದು ಯಾವಾಗ?"

ಹೀಗೆ ಕೇಳಿದವನು ಮಠದ ಅಡುಗೆಮನೆಯಲ್ಲಿ ಸೇವೆಗಿದ್ದ ಸೋಮನಿಂಗ. ಗುರುಗಳು ಅವನ ಮುಖವನ್ನು ಒಮ್ಮೆ ನೋಡಿ, ಕೂರು ಎಂದು ಕೈಸನ್ನೆ ಮಾಡಿ, ಈ ಕತೆ ಹೇಳಿದರು.

ಒಂದೂರಲ್ಲಿ ದುರುಗಪ್ಪನೆಂಬವನಿದ್ದ. ಬಾವಿಗೆ ಬಿದ್ದದ್ದನ್ನು ಮುಳುಗಿ ತೆಗೆದುಕೊಡುವುದು ಅವನ ಕಸುಬು. ಕೊಡ ಬಿದ್ದರೂ ಅವನೇ, ಮೂಗುತಿ ಬಿದ್ದರೂ ಅವನೇ. ಸುತ್ತಲಿನ ಹಳ್ಳಿಗಳಿಂದ ಜನ ಬಂದು ಕರೆದೊಯ್ಯುತ್ತಿದ್ದರು. ಅವನ ಅಪ್ಪನಿಗೂ ಇದೇ ಕಸುಬು. ನೀರಿನಿಂದ ಮೇಲೆ ಬಂದವನು ಚಳಿಗೆ ಒಂದು ಬೀಡಿ ಸೇದಬೇಕು ಎಂಬುದನ್ನೂ ಅವನು ಅಪ್ಪನಿಂದಲೇ ಕಲಿತ. ಮೊದಮೊದಲು ಮುಳುಗಿ ಎದ್ದಾಗ ಒಂದು ಬೀಡಿ. ಆಮೇಲೆ ಮುಳುಗದ ದಿನವೂ ಬೀಡಿ. ನಲವತ್ತೈದು ತುಂಬುವ ಹೊತ್ತಿಗೆ ಅವನಿಗೆ ದಿನಕ್ಕೆ ಎರಡು ಕಟ್ಟು ಸಾಲುತ್ತಿರಲಿಲ್ಲ.

ಒಂದು ಬೇಸಿಗೆಯಲ್ಲಿ ಪಕ್ಕದೂರಿನ ಬಾವಿಗೆ ಹಿತ್ತಾಳೆಯ ಕೊಡ ಬಿತ್ತು. ದುರುಗಪ್ಪ ಹೋಗಿ ಇಳಿದ. ತಳದ ಕತ್ತಲಲ್ಲಿ ಕೊಡದ ಕಂಠ ಬೆರಳಿಗೆ ತಾಗಿತು. ಅದನ್ನು ಹಿಡಿಯುವಷ್ಟರಲ್ಲಿ ಎದೆ ಬಿಗಿಯಿತು. ಬಿಟ್ಟು ಮೇಲೆ ಬಂದ. ಎರಡನೆಯ ಸಲ ತಳ ಮುಟ್ಟಿದ, ಕೊಡ ಸಿಗಲಿಲ್ಲ. ಮೂರನೆಯ ಸಲ ತಳವೂ ಸಿಗಲಿಲ್ಲ. ಕಟ್ಟೆಯ ಮೇಲೆ ಕೂತು ಕೆಮ್ಮತೊಡಗಿದ. ಕೆಮ್ಮು ನಿಲ್ಲುವವರೆಗೆ ಜನ ಕಾದರು. ಆಮೇಲೆ ಹಿರಿಯರೊಬ್ಬರು ಮೆಲ್ಲಗೆ, "ಇರಲಿ ಬಿಡಪಾ, ಪಾತಾಳಗರಡಿ ತರಸ್ತೀವಿ. ಅದನ್ನ ಹಗ್ಗಕ್ಕ ಕಟ್ಟಿ ಇಳಿಸಿದರ ಸಿಗತೈತಿ," ಎಂದರು.

ಯಾರಾದರೂ ಬೈದಿದ್ದರೆ ದುರುಗಪ್ಪ ತಿರುಗಿ ಬೈದು ಮರೆಯುತ್ತಿದ್ದ. ಈ ಮೆಲ್ಲಗಿನ ಮಾತನ್ನು ಅವನಿಗೆ ನುಂಗಲಾಗಲಿಲ್ಲ. ತನ್ನ ಉಸಿರಿಗಿಂತ ಕಬ್ಬಿಣದ ಕೊಕ್ಕೆ ಮೇಲಾಯಿತಲ್ಲ ಎಂದುಕೊಂಡ. ದಾರಿಯಲ್ಲಿ ಬೀಡಿಕಟ್ಟನ್ನೂ ಕಡ್ಡಿಪೆಟ್ಟಿಗೆಯನ್ನೂ ಹೊಲದ ಬೇಲಿಯಾಚೆ ಎಸೆದ. ಮನೆಗೆ ಬಂದು ಹೆಂಡತಿ ಹುಲಿಗೆವ್ವನಿಗೆ, "ಇನ್ನ ಮುಟ್ಟೂದಿಲ್ಲ," ಎಂದ. ಅವಳು ಹೊಗಳಲೂ ಇಲ್ಲ, ನಗಲೂ ಇಲ್ಲ. "ಆತು, ಉಣ್ಣಾಕ ಬಾ," ಎಂದಳು.

ಮೊದಲ ದಿನ ಸಿಟ್ಟಿನ ಬಲದಲ್ಲಿ ಕಳೆಯಿತು. ಎರಡನೆಯ ದಿನ ತಲೆ ಸಿಡಿಯಿತು. ಮೂರನೆಯ ದಿನ ಪಲ್ಯಕ್ಕೆ ಉಪ್ಪು ಕಡಿಮೆಯಾಯಿತೆಂದು ತಾಟು ನೂಕಿ ಎದ್ದ. ಅಂಗಳದಲ್ಲಿ ಎರಡು ಸುತ್ತು ಹಾಕಿದ. ಒಳಗೆ ಬಂದು ತಾಟನ್ನು ತಾನೇ ಎಳೆದುಕೊಂಡು ಉಂಡ. ಉಪ್ಪು ಸರಿಯಾಗಿಯೇ ಇತ್ತು.

ಆರನೆಯ ದಿನಕ್ಕೆ ಕೆಮ್ಮು ಹೆಚ್ಚಿತು. "ಸೇದುವಾಗ ಇಷ್ಟು ಕೆಮ್ಮು ಇರಲಿಲ್ಲ. ಬಿಟ್ಟದ್ದ ತಪ್ಪಾತೇನೋ," ಎಂದ.

"ಮೂವತ್ತು ವರ್ಷದ ಮಸಿ. ಹೊರಗ ಬರಬ್ಯಾಡೇನು?" ಎಂದಳು ಹುಲಿಗೆವ್ವ.

ಹನ್ನೆರಡನೆಯ ದಿನ ಅವನು ಚಹಾದ ಅಂಗಡಿಗೆ ಹೋದ. ಚಹಾ ಮುಗಿಯಿತು. ಕೈ ತಾನಾಗಿಯೇ ಜೇಬಿಗೆ ಹೋಗಿ ಬರಿದಾಗಿ ಬಂತು. ಪಕ್ಕದಲ್ಲಿ ಕೂತವನು ಅದನ್ನು ಕಂಡು, ಕೇಳದೆಯೇ ಒಂದು ಬೀಡಿ ಚಾಚಿದ. ದುರುಗಪ್ಪ ಸೇದಿದ. ಬಾಯಿ ಕಹಿಯಾಯಿತು, ತಲೆ ತಿರುಗಿತು. ಆದರೂ ದಾರದ ತನಕ ಸೇದಿದ. ಹೇಗೂ ಕೆಟ್ಟೆನಲ್ಲ ಎಂದು ಒಂದು ಕಟ್ಟನ್ನೇ ಕೊಂಡ. ಅದನ್ನು ತಂದು ರೊಟ್ಟಿ ಬಡಿಯುತ್ತಿದ್ದ ಹೆಂಡತಿಯ ಮುಂದೆ ಇಟ್ಟ.

"ಎಲ್ಲಾ ನೀರಾಗ ಹೋತು. ನನ್ನ ಕೈಲಿ ಆಗೂದಿಲ್ಲ," ಎಂದ.

ಹುಲಿಗೆವ್ವ ರೊಟ್ಟಿ ಬಡಿಯುತ್ತಲೇ ಕೇಳಿದಳು: "ಒಂದು ಮೆಟ್ಟಲಾ ಜಾರಿದಿ. ಉಳಿದ ಮೆಟ್ಟಲಾನೂ ಉರುಳಬೇಕಂತ ಐತೇನು?"

ಅವಳು ಕಟ್ಟನ್ನು ಒಲೆಯೊಳಕ್ಕೆ ತಳ್ಳಿ, ಮುಂದಿನ ರೊಟ್ಟಿಯನ್ನು ಹಂಚಿಗೆ ಹಾಕಿದಳು.

ಮರುದಿನದಿಂದ ದುರುಗಪ್ಪ ಚಹಾದ ಅಂಗಡಿಯ ದಾರಿ ಬಿಟ್ಟ. ಚಹಾದ ಬದಲು ಮನೆಯಲ್ಲೇ ಮಜ್ಜಿಗೆ ಕುಡಿದ. ಹುಲಿಗೆವ್ವ ಅವನ ಧೋತರದ ಸೆರಗಿಗೆ ಹುರಿದ ಕಡಲೆ ಕಟ್ಟಿ ಕಳಿಸಿದಳು. ಕೈ ಬರಿದಾದಾಗ ಒಂದೊಂದೇ ಕಾಳು ಅಗಿದ. ಅದಕ್ಕೂ ಆಸೆ ಬಗ್ಗದಿದ್ದರೆ ಊರ ಬಾವಿಗೆ ಹೋಗಿ ಮೆಟ್ಟಿಲಿಳಿದು ಕುತ್ತಿಗೆಯ ತನಕ ನೀರಲ್ಲಿ ನಿಂತ. ನೀರಲ್ಲಿ ನಿಂತವನು ಬೀಡಿ ಹಚ್ಚಲಾರ. ಕೆಲವು ದಿನ ನಾಲ್ಕು ನಾಲ್ಕು ಸಲ ಹೋಗಿ ನಿಂತ. ನೀರಿಗೆ ಬಂದ ಹೆಂಗಸರು, "ದುರುಗಪ್ಪ ಎಮ್ಮಿ ಆಗ್ಯಾನ," ಎಂದು ನಕ್ಕರು. ಅವನೂ ನಕ್ಕ. ಬೆರಳು ಸುಕ್ಕಾಗುವವರೆಗೆ ನಿಂತು ಮೇಲೆ ಬರುತ್ತಿದ್ದ. ಒಮ್ಮೊಮ್ಮೆ ಮನೆ ಮುಟ್ಟುವ ಮೊದಲೇ ಆಸೆ ಮತ್ತೆ ಹಿಡಿಯುತ್ತಿತ್ತು. ಆಗ ದಾರಿಯಿಂದಲೇ ತಿರುಗಿ ಹೋಗುತ್ತಿದ್ದ.

ಜಾರಿದ ಮೇಲೆ ಇಪ್ಪತ್ತೆರಡು ದಿನ ಹೀಗೆ ಕಳೆದವು. ಅಂದು ಮಧ್ಯಾಹ್ನವೂ ಆಸೆ ಹಿಡಿದು ಅವನು ಬಾವಿಯ ಕಡೆಗೇ ನಡೆದಿದ್ದ. ಹೆಂಗಸರು ಕೂಗಿಕೊಂಡದ್ದು ಕೇಳಿಸಿತು. ಕುಂಬಾರರ ಸೊಸೆ ಕಟ್ಟೆಗೆ ಬಾಗಿ ನೀರು ಸೇದುವಾಗ ಹಗ್ಗ ಹರಿದು, ಜಾರಿದ ಕೊಡ ಹಿಡಿಯಲು ಹೋಗಿ ಆಯ ತಪ್ಪಿ ಬಿದ್ದಿದ್ದಳು. ಅವನು ಓಡಿಬಂದಾಗ ನೀರಿನ ಮೇಲೆ ಕೊಡ ಹೊರುವ ಬಟ್ಟೆಯ ಸಿಂಬಿಯೊಂದೇ ತೇಲುತ್ತಿತ್ತು.

ಕಟ್ಟೆಯ ಮೇಲೆ ಒಂದು ಗಳಿಗೆ ಅವನ ಕಾಲು ನಿಂತಿತು. ಒಂದು ಕೊಡಕ್ಕೆ ಸಾಲದ ಉಸಿರು ಒಂದು ಜೀವಕ್ಕೆ ಸಾಲುವುದೇ ಎನಿಸಿತು. ಆಮೇಲೆ ಹಾರಿದ.

ಮೊದಲ ಸಲ ಸೀರೆಯ ಸೆರಗು ಕೈಗೆ ಸಿಕ್ಕಿ ಜಾರಿತು. ಮೇಲೆ ಬಂದು ಉಸಿರು ತುಂಬಿಕೊಂಡು ಮತ್ತೆ ಇಳಿದ. ತಳದಲ್ಲಿ ತಡಕಾಡುವಾಗ ಎದೆ ಬಿಗಿಯಿತು. ಇನ್ನು ಮೇಲಕ್ಕೆ ಹೋಗಲೇಬೇಕು ಎನ್ನುವ ಹೊತ್ತಿಗೆ ಈ ಸಲ ಇನ್ನಷ್ಟು ಉಸಿರು ಮಿಕ್ಕಿತ್ತು. ಹೆಚ್ಚೇನೂ ಅಲ್ಲ, ಒಂದು ಹಿಡಿಯಷ್ಟು. ಅಷ್ಟರಲ್ಲಿ ಅವಳ ತುರುಬು ಕೈಗೆ ಸಿಕ್ಕಿತು. ಹಿಡಿದು ಕಾಲು ಬಡಿದು ಮೇಲೆ ಬಂದ.

ಜನ ಅವಳನ್ನು ಎತ್ತಿ ಮಲಗಿಸಿ ಬೆನ್ನು ಒತ್ತಿದರು. ಬಾಯಿಂದ ನೀರು ಬಂತು, ಸಣ್ಣಗೆ ಉಸಿರೂ ಬಂತು. ಕಣ್ಣು ಮಾತ್ರ ತೆರೆದಿರಲಿಲ್ಲ. ದುರುಗಪ್ಪ ಗೋಡೆಗೆ ಒರಗಿ ಗಡಗಡ ನಡುಗುತ್ತ ಕೂತ. ಅವಳ ಮಾವ, ಮುದಿ ಕುಂಬಾರ, ಅಳುತ್ತ ಬಂದು ಅವನ ಮುಂದೆ ಕುಕ್ಕರಿಸಿದ. ಕಿವಿಯ ಮೇಲಿದ್ದ ಬೀಡಿ ತೆಗೆದು ತಾನೇ ಹಚ್ಚಿ ಅವನ ಬೆರಳಿಗಿಟ್ಟ.

"ಸೇದಪಾ, ಚಳಿ ಹೊಕ್ಕೈತಿ. ನನ್ನ ಮನಿ ದೀಪ ಉಳಿಸಿದಿ. ನನ್ನ ಹತ್ತರ ಕೊಡಾಕ ಮತ್ತೇನೈತಿ?"

ಹೊಗೆ ಮೂಗಿಗೆ ಬಂತು. ಇಷ್ಟು ದಿನದಲ್ಲಿ ಅಂಥ ಆಸೆ ಅವನಿಗೆ ಬಂದಿರಲಿಲ್ಲ. ಕೈ ತುಟಿಯ ತನಕ ಏರಿತು. ಸೇದಿದರೆ ಅಂದು ಯಾರೂ ತಪ್ಪೆನ್ನುತ್ತಿರಲಿಲ್ಲ, ಹುಲಿಗೆವ್ವ ಕೂಡ. ಸೇದದಿದ್ದರೆ ಮುದುಕನ ಮನಸ್ಸು ನೋಯುತ್ತದೆ ಎಂದೂ ಅವನಿಗೆ ಗೊತ್ತಿತ್ತು. ಕೊನೆಗೆ ಮುದುಕನ ಕೈ ಹಿಡಿದು ಬೀಡಿಯನ್ನು ಅದರೊಳಗೆ ಇಟ್ಟ.

"ಯಜ್ಜಾ, ನೀ ಕೊಟ್ಟಿ, ನನಗ ಮುಟ್ಟಿತು. ಆದರ ಈ ಉಸಿರು ನನಗ ಬೇಕಾಗೈತಿ."

ಅಷ್ಟರಲ್ಲಿ ಆ ಸೊಸೆ ಕೆಮ್ಮಿ ಕಣ್ಣು ತೆರೆದಳು. ಸುತ್ತ ನಿಂತವರನ್ನೆಲ್ಲ ನೋಡಿ, "ನನ್ನ ಕೊಡ ಎಲ್ಲಿ?" ಎಂದಳು. ಅಳುತ್ತಿದ್ದವರೆಲ್ಲ ನಕ್ಕರು. ಮುದುಕ ನಕ್ಕ. ಬೀಡಿ ಅವನ ಕೈಯಿಂದ ಬಿದ್ದುಹೋಯಿತು. ದುರುಗಪ್ಪನೂ ಪಕ್ಕೆ ಹಿಡಿದುಕೊಂಡು ನಕ್ಕ. ಬಹಳ ಹೊತ್ತಾದ ಮೇಲೆ ಅವನಿಗೆ ಬೀಡಿಯ ನೆನಪಾಯಿತು. ಆಸೆ ಎಲ್ಲಿ ಎಂದು ತನ್ನೊಳಗೆ ಹುಡುಕಿದ. ಇರಲಿಲ್ಲ. ಯಾವಾಗ ಎದ್ದು ಹೋಯಿತೋ ತಿಳಿಯಲಿಲ್ಲ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

ಸೋಮನಿಂಗ ಕೇಳಿದ: "ಅವತ್ತ ಅವ ಗೆದ್ದ. ಆಮ್ಯಾಲ ಆಸೆ ಬರಲಿಲ್ಲ, ಹೌದಲ್ಲರೀ?"

"ಬಂತು. ಅವತ್ತ ಮನಿಗೆ ಹೋಗೋ ದಾರಿಯಾಗ ಬಂತು."

"ಹಂಗಾದರ ಅವ ಗೆದ್ದದ್ದು ಯಾವಾಗರೀ, ಅಜ್ಜಾರ?"

ಗುರುಗಳು ಹೇಳಿದರು: "ಆಸೆ ಬಂದದ್ದನ್ನೆಲ್ಲ ನನಗ ಹೇಳಿದಿ, ಸೋಮನಿಂಗಾ, ಈ ಹದಿನಾರು ದಿನ ಒಂದು ಬೀಡಿಯೂ ಸೇದದೇ ಅದು ಎಷ್ಟು ಸಲ ಹೋತು, ಅದನ್ನ ಹೇಳು."

ಸೋಮನಿಂಗ ಬೆರಳು ಮಡಚಿ ಎಣಿಸತೊಡಗಿದ; ಹತ್ತೂ ಬೆರಳು ಸಾಲಲಿಲ್ಲ.