ಹಗ್ಗದವ್ವನ ಬಾಯಿ

ಬಿಳೇಹಾಳದ ಪಡುವಣ ಬಯಲಿಗೆ ಬಂದವರಿಗೆ ಮೊದಲು ಕಾಣುವುದು ಸಾಲಾಗಿ ಬಿದ್ದಿರುವ ಎಂಟು ಮಣ್ಣಿನ ದಿಬ್ಬಗಳು. ಒಂದೊಂದರ ನಡುವೆಯೂ ಬಾವಿಯಂಥ ಬಾಯಿ, ತಳದಲ್ಲಿ ಅವೆಲ್ಲವನ್ನೂ ಕೂಡಿಸುವ ಸುರಂಗ. ಮಳೆಯೇ ಮರೆತ ಈ ಸೀಮೆಯಲ್ಲಿ ನಾವು ಇಂದಿಗೂ ಕುಡಿಯುವುದು ಆ ಸುರಂಗದ ನೀರನ್ನೇ. ವರ್ಷಕ್ಕೊಮ್ಮೆ ಇಳಿದು ಹೂಳೆತ್ತಿ ಬಾಯಿಯ ಸುತ್ತ ಸುರಿಯುವುದು ಊರಿನ ಪದ್ಧತಿ. ಹೀಗಾಗಿ ದಿಬ್ಬಗಳಲ್ಲಿ ಪದರದ ಮೇಲೆ ಪದರ ಕೂತಿದೆ. ಸುರಂಗದ ವಯಸ್ಸು ತಿಳಿಯಲು ಹೋದ ವರ್ಷ ವಿಶ್ವವಿದ್ಯಾಲಯದವರು ಬಂದರು. ಬೆಳಕು ತಾಗದಂತೆ ಕಬ್ಬಿಣದ ಕೊಳವೆಯಲ್ಲಿ ಮಣ್ಣು ತೆಗೆದು, ಆ ಮಣ್ಣು ಕೊನೆಯ ಸಲ ಬಿಸಿಲು ಕಂಡದ್ದು ಯಾವಾಗ ಎಂಬುದನ್ನು ಲೆಕ್ಕ ಹಾಕುತ್ತಾರಂತೆ. ಎಂಟನೆಯ ಬಾಯಿಗೆ ಮಾತ್ರ ನಮ್ಮವರು ಹೂಳೆತ್ತಲು ಇಳಿಯುವುದಿಲ್ಲ. ಅದಕ್ಕೆ ಹಗ್ಗದವ್ವನ ಬಾಯಿ ಎನ್ನುತ್ತಾರೆ.

ಹಿಂದೆ ಒಮ್ಮೆ ರಾಚನಗೌಡನೆಂಬವನು ಈ ಊರನ್ನು ಆಳುತ್ತಿದ್ದ. ಮುಚ್ಚಿಡುವುದೇಕೆ, ನಮ್ಮ ಮನೆತನದವನೇ. ಮೂರು ವರ್ಷ ಹನಿ ಮಳೆಯಿಲ್ಲದೆ ದನ ಸತ್ತು, ಮಕ್ಕಳ ಸರದಿ ಬಂದಾಗ ಅವನು ದುರಗಪ್ಪನೆಂಬ ಸುರಂಗ ತೋಡುವವನನ್ನು ಕರೆಸಿದ. ಊರ ಕಡೆಯಿಂದ ತೋಡುತ್ತ ಹೋಗಿ, ಕೊನೆಗೆ ನೀರಿನ ಸೆಲೆಗೂ ಸುರಂಗಕ್ಕೂ ನಡುವೆ ಒಂದೇ ಗೋಡೆ ಉಳಿಯಿತು. ಅದನ್ನು ಒಡೆಯುವವನು ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಎಂಟನೆಯ ಬಾಯಿಯಿಂದ ಒಬ್ಬನೇ ಇಳಿಯಬೇಕು. ಒಡೆದೊಡನೆ ಮೂರು ಸಲ ಜಗ್ಗುತ್ತಾನೆ, ಮೇಲಿನವರು ಎಳೆದುಕೊಳ್ಳಬೇಕು. ದುರಗಪ್ಪನ ಹಗ್ಗವನ್ನು ಅವನ ಹೆಂಡತಿ ತಂಗೆವ್ವ ಹಿಡಿಯುತ್ತಿದ್ದಳು. ಬೇರೆ ಯಾರ ಕೈಯನ್ನೂ ಅವನು ನಂಬಿದವನಲ್ಲ.

ಆದರೆ ಊರಿನಲ್ಲಿ ಇನ್ನೊಂದು ಪದ್ಧತಿಯಿತ್ತು. ಹೊಸ ನೀರು ಊರಿಗೆ ಬರುವಾಗ ಅದನ್ನು ತಂದವನ ಹೆಂಡತಿಯೇ ಎದುರು ನಿಂತು ಗಂಗೆಗೆ ಉಡಿ ತುಂಬಬೇಕು. ಹಿರಿಯರು ಹೇಳಿಕಳಿಸಿದರು. ಹಗ್ಗ ಬಿಟ್ಟು ಬರಲಾರೆ ಎಂದಳು ತಂಗೆವ್ವ. ಉಡಿ ತುಂಬದೆ ಬಂದ ಗಂಗೆ ನಿಲ್ಲುವುದಿಲ್ಲ ಎಂದು ಅವರು ಹೆದರಿಸಿದರು. ಕೊನೆಗೆ ಗೌಡನೇ ಕೈ ಚಾಚಿ, ನನ್ನ ಕೈಯಲ್ಲಿ ಕೊಡು, ಊರಿಗೆ ಊರೇ ನನ್ನ ಕೈಯಲ್ಲಿಲ್ಲವೇ ಎಂದನಂತೆ. ಅವಳು ಕೊಟ್ಟು ಹೋದಳು.

ನಡುಹಗಲಿಗೆ ನೆಲದಡಿ ಗುಡುಗಿದಂತಾಯಿತು. ಗೌಡನಿಗೆ ಹಿಗ್ಗು ತಡೆಯಲಾಗಲಿಲ್ಲ. ಹಗ್ಗವನ್ನು ಗೂಟಕ್ಕೆ ಸುತ್ತಿದವನೇ ನೀರಿನ ಸಂಗಡ ಊರ ಕಡೆಗೆ ಓಡಿದ, ಒಂದೊಂದು ಬಾಯಿಗೂ ಬಗ್ಗಿ ಬಗ್ಗಿ ನೋಡುತ್ತ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎನ್ನುವುದು ಸುಮ್ಮನೆ ಹುಟ್ಟಿದ ಗಾದೆಯಲ್ಲ. ಊರ ಮುಂದೆ ಮೊರ ಹಿಡಿದು ನಿಂತಿದ್ದ ತಂಗೆವ್ವ ನೀರನ್ನು ನೋಡಲಿಲ್ಲ, ನಗುತ್ತ ಬಂದ ಗೌಡನ ಬರಿಗೈ ನೋಡಿದಳು.

"ಹಗ್ಗ ಯಾರ ಕೈಯಾಗ ಐತ್ರಿ, ಗೌಡ್ರ?"

ಅವಳು ಓಡಿ ಬಂದು ನೋಡಿದಾಗ ಹಗ್ಗ ಬಿಗಿದು ನಿಂತಿತ್ತು. ಮೊಣಕಾಲುದ್ದ ನೆಟ್ಟ ಗೂಟ ಬುಡದವರೆಗೆ ಸಡಿಲವಾಗಿತ್ತು. ಮೂರು ಸಲವಲ್ಲ, ಅವನು ಎಷ್ಟು ಸಲ ಜಗ್ಗಿದನೋ! ಹೆಣ ತೆಗೆಯಲು ನೀರು ಕಟ್ಟಬೇಕಾಗಿತ್ತು. ಕಟ್ಟಿದರೆ ಸುರಂಗ ಕುಸಿದೀತೆಂದು ಗೌಡ ಬೇಡವೆಂದ, ಬಾಯಾರಿದ ಊರು ತಲೆ ತಗ್ಗಿಸಿತು. ತಂಗೆವ್ವ ಅಳಲಿಲ್ಲ ಎನ್ನುತ್ತಾರೆ.

"ಕುಡೀರಿ. ಅಂವನ್ನ ದಾಟೇ ಬರ್ತೈತಿ ನೀರು. ಆದ್ರ ಗೌಡ, ನಿನ್ನ ವಂಶದವರ ಕೈಯಾಗ ಹಗ್ಗ ನಿಲ್ಲಬಾರದು."

ಹಗ್ಗ ಹಿಡಿದು ಅಲ್ಲೇ ಕೂತಳು. ಒಂದು ಬೆಳಿಗ್ಗೆ ನೋಡಿದರೆ ಅವಳೂ ಇರಲಿಲ್ಲ, ಹಗ್ಗವೂ ಇರಲಿಲ್ಲ. ಆ ಗೌಡನ ಮೊಮ್ಮಗ ತೊಟ್ಟಿಲ ಹಗ್ಗ ಹರಿದು ಸತ್ತ. ನಮ್ಮ ಮುತ್ಯಾ ಬಾವಿಗಿಳಿದ ತಮ್ಮನನ್ನು ಎಳೆಯುವಾಗ ಕೈ ಜಾರಿ ಅವನನ್ನು ಕಳೆದುಕೊಂಡ. ಕಾಕತಾಳೀಯ ಅನ್ನಿ. ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದ ನಾನೂ ಹಾಗೇ ಅನ್ನುತ್ತಿದ್ದೆ.

ಈಗ ಬಂದವರಿಗೆ ಬಯಲಿನಲ್ಲಿ ಒಂದು ಫಲಕ ಕಾಣುತ್ತದೆ. ಏಳು ಬಾಯಿಗಳ ವಯಸ್ಸನ್ನು ಅದರ ಮೇಲೆ ಬರೆದಿದ್ದಾರೆ, ಐನೂರು ವರ್ಷಕ್ಕೆ ತುಸು ಕಡಿಮೆ. ಎಂಟನೆಯದರ ಮುಂದೆ ಜಾಗ ಖಾಲಿಯಿದೆ, ಏಕೆಂದು ಕೇಳುತ್ತಾರೆ. ಹೋದ ವರ್ಷ ಮಣ್ಣು ತೆಗೆಯಲು ಬಂದಿದ್ದ ವಿಶ್ವವಿದ್ಯಾಲಯದ ಹುಡುಗಿಯೊಬ್ಬಳು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಆ ಬಾಯಿಯ ಅಂಚಿನಲ್ಲಿ ನಿಂತಿದ್ದಳು. ಜೊತೆಯವರು ದೂರದಲ್ಲಿದ್ದರು. ನಾನು ಯಾರ ಮನೆಯವನೆಂದು ಅವಳಿಗೆ ಗೊತ್ತಿರಲಿಲ್ಲ. ತಳದ ಮಣ್ಣು ತೆಗೆದು ಈಗಲೇ ಬರುತ್ತೇನೆ, ಸ್ವಲ್ಪ ಹಿಡಿದಿರಿ ಸರ್ ಎಂದು ಹಗ್ಗದ ಇನ್ನೊಂದು ತುದಿಯನ್ನು ನನ್ನ ಕೈಗೆ ಚಾಚಿದಳು. ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.