ಅಟ್ಟಕ್ಕೆ ಮೆತ್ತಿದ ಕೆಮ್ಮಣ್ಣು

ಬೆಟ್ಟದ ಬಡಗಣ ಮಗ್ಗುಲಲ್ಲಿ ನೆರಳುಕೊಪ್ಪಲು ಎಂಬ ಊರಿತ್ತು. ಮೂವತ್ತೊಂದು ಮನೆ, ಮೆಟ್ಟಿಲು ಮೆಟ್ಟಿಲಾಗಿ ಕಡಿದ ಹೊಲ, ಒಂದು ಒರತೆ. ಪುಷ್ಯ ಮಾಸದಲ್ಲಿ ಆ ಊರಿಗೆ ಬಿಸಿಲು ತಲುಪುವ ಹೊತ್ತಿಗೆ ಕೆಳಗಿನ ಬಯಲುಸೀಮೆಯವರು ಮಧ್ಯಾಹ್ನದ ಊಟಕ್ಕೆ ಕುಳಿತಿರುತ್ತಿದ್ದರು. ಅಲ್ಲಿಯವರೆಗೂ ಹುಲ್ಲಿನ ಮೇಲೆ ಇಬ್ಬನಿ ಬೆಳ್ಳಗೆ ಹೆಪ್ಪುಗಟ್ಟಿಯೇ ಇರುತ್ತಿತ್ತು.

ಊರು ಬದುಕುತ್ತಿದ್ದುದು ಒಂದು ಬಗೆಯ ಬದನೆಯಿಂದ. ಬೂದುಬಣ್ಣದ, ಮುಳ್ಳುತೊಟ್ಟಿನ ಆ ಕಾಯಿ ಬೇರೆಲ್ಲೂ ಬೆಳೆಯುತ್ತಿರಲಿಲ್ಲ. ಚಳಿ ಮುರಿದೊಡನೆ ಗೇಣುದ್ದದ ಸಸಿಯನ್ನು ನೆಟ್ಟರೆ ಮಾತ್ರ ಒರತೆ ಬತ್ತುವ ಮೊದಲು ಫಲ ಕೈಗೆ ಬರುತ್ತಿತ್ತು. ಆದ್ದರಿಂದ ಸಸಿಯನ್ನು ಚಳಿಗಾಲದಲ್ಲಿಯೇ ಎಬ್ಬಿಸಬೇಕಾಗಿತ್ತು. ಹೊರಗೆ ಇಟ್ಟ ಸಸಿ ಆ ಚಳಿಯಲ್ಲಿ ಒಂದು ದಿನವೂ ಉಳಿಯುತ್ತಿರಲಿಲ್ಲ.

ಅದಕ್ಕಾಗಿ ಊರ ಮಠದ ಅಟ್ಟವಿತ್ತು. ಮಠವೆಂದರೆ ದೊಡ್ಡ ಕಟ್ಟಡವಲ್ಲ; ಮೂರು ಅಂಕಣದ ಹೆಂಚಿನ ಮನೆ. ಅಡುಗೆಮನೆಯ ನೆತ್ತಿಯ ಮೇಲೆ, ಬೆರಳು ತೂರುವಷ್ಟು ಸಂದು ಬಿಟ್ಟು ಬಿದಿರಿನ ದಬ್ಬೆಗಳನ್ನು ಹಾಸಿದ ಅಟ್ಟ. ಬೆಳಕಿಗೆ ಮಾಡಿನಲ್ಲಿ ಹನ್ನೆರಡು ಗಾಜಿನ ಹೆಂಚು. ಪುಷ್ಯ ಹುಟ್ಟುತ್ತಿದ್ದಂತೆ ಪ್ರತಿಯೊಂದು ಮನೆಯವರೂ ಮಣ್ಣು ತುಂಬಿದ ತಮ್ಮ ಬುಟ್ಟಿಯನ್ನು ಅಡುಗೆಮನೆಯ ಏಣಿಯ ಮೂಲಕ ಅಲ್ಲಿಗೆ ಏರಿಸಿ, ಬೀಜ ಬಿತ್ತಿ, ಶಿವರಾತ್ರಿಯವರೆಗೆ ಅಲ್ಲಿಯೇ ಬಿಡುತ್ತಿದ್ದರು.

ಅಟ್ಟದ ನಡುವೆ ಒಂದು ಹಿತ್ತಾಳೆಯ ದೀಪವಿತ್ತು. ಕಂಬಳಿಯಯ್ಯ ಎಂಬ ಸಿದ್ಧನೊಬ್ಬ ಹಿಂದೊಂದು ಚಳಿಗಾಲದಲ್ಲಿ ಆ ದೀಪವನ್ನು ಹಚ್ಚಿ, ತಾನು ಹೊದ್ದಿದ್ದ ಕಂಬಳಿಯನ್ನು ಸಸಿಗಳಿಗೆ ಹೊದಿಸಿ, ತಾನು ಮರಗಟ್ಟಿ ಕುಳಿತಲ್ಲಿಯೇ ಐಕ್ಯನಾದನಂತೆ. ಅಂದಿನಿಂದ ಸಸಿಗಳನ್ನು ಆ ದೀಪವೇ ಬೆಚ್ಚಗಿಡುತ್ತಿದೆ ಎಂದು ಊರು ನಂಬಿತ್ತು. ಕಂಡವರು ಯಾರೂ ಉಳಿದಿರಲಿಲ್ಲ. ಆ ದಿನ ಕೆಳಗಿನ ಒಲೆಯಲ್ಲಿ ಬೆಂಕಿಯಿತ್ತೋ ಇರಲಿಲ್ಲವೋ ಎಂಬುದನ್ನು ಕಥೆ ಹೇಳುತ್ತಿರಲಿಲ್ಲ, ಕೇಳಿದವರೂ ಇರಲಿಲ್ಲ.

ಮಠವನ್ನು ನೋಡಿಕೊಳ್ಳುತ್ತಿದ್ದವರು ಮರಿಬಸವಾರಾಧ್ಯರು. ಅರವತ್ತು ದಾಟಿದ, ಸಾಧುಸ್ವಭಾವದ ಮನುಷ್ಯ. ಅಡುಗೆಯ ಕೆಲಸ ಚಿಕ್ಕತಾಯಮ್ಮನದು. ಗಂಡ ಸತ್ತ ಮೇಲೆ ಮಠಕ್ಕೆ ಬಂದವಳು. ಮಠದಲ್ಲಿ ಹಸಿದು ಬಂದವರಿಗೆ ಹೊತ್ತು ಗೊತ್ತಿಲ್ಲದೆ ಊಟವಿರುತ್ತಿದ್ದುದರಿಂದ ಅವಳ ಒಲೆ ಎಂದೂ ತಣ್ಣಗಾಗುತ್ತಿರಲಿಲ್ಲ. ಅಡುಗೆ ಮುಗಿದ ಮೇಲೂ ಒಂದು ದಪ್ಪ ಕೊರಡನ್ನು ಒಳಗೆ ತಳ್ಳಿ, ಮೇಲೆ ನೀರಿನ ಹಂಡೆಯನ್ನು ಇಟ್ಟಿರುತ್ತಿದ್ದಳು. ಅಟ್ಟದಲ್ಲಿ ಅವಳದೂ ಒಂದು ಬುಟ್ಟಿ ಇತ್ತು. ಮೂವತ್ತೊಂದು ಬುಟ್ಟಿಗಳು ದೀಪದ ಸುತ್ತ ಕುಳಿತ ಮೇಲೆ ಉಳಿದ ಜಾಗವೆಂದರೆ ಏಣಿಯ ಬಾಯಿಯ, ಅಂದರೆ ಏಣಿ ಹತ್ತಿ ಬರುವ ಕಂಡಿಯ, ಅಂಚು. ಅವಳ ಬುಟ್ಟಿ ಅಲ್ಲಿರುತ್ತಿತ್ತು.

ಈ ಕಥೆ ನಡೆದ ವರ್ಷ ಒಂದು ವಿಶೇಷವಿತ್ತು. ಹಿಂದಿನ ಬೇಸಗೆಯಲ್ಲಿ ಆಲಿಕಲ್ಲಿನ ಮಳೆ ಬಿದ್ದು, ಬೀಜಕ್ಕೆಂದು ಗಿಡದಲ್ಲಿ ಬಿಟ್ಟಿದ್ದ ಕಾಯಿಗಳೆಲ್ಲ ನೆಲಕಚ್ಚಿ ಕೊಳೆತಿದ್ದವು. ಊರಿಗೆಲ್ಲ ಉಳಿದದ್ದು ಒಂದು ಸೋರೆಬುರುಡೆಯಷ್ಟು ಹಳೆಯ ಬೀಜ. ಅದನ್ನು ಎಲ್ಲರೂ ಹಂಚಿಕೊಂಡು ಬಿತ್ತಿದ್ದರು. ಈ ಸಸಿಗಳು ಹೋದರೆ ಮತ್ತೆ ಬಿತ್ತಲು ಒಂದು ಕಾಳೂ ಇರಲಿಲ್ಲ.

ಬೀಜ ಮೊಳೆತು ನಾಲ್ಕೆಲೆ ಬಂದಾಗ ಆರಾಧ್ಯರು ಅಟ್ಟ ಹತ್ತಿದರು. ದೀಪಕ್ಕೆ ಮಸಿ ಹಿಡಿದಿತ್ತು. ಊರಿನ ಕೊನೆಯ ಬೀಜವನ್ನು ಕಾಯುತ್ತಿರುವ ದೀಪ ಹೀಗೆ ಕರಿಕಟ್ಟಿಕೊಂಡಿರುವುದನ್ನು ಕಂಡು ಅವರಿಗೆ ಅಪಚಾರವೆನಿಸಿತು. ಕೆಳಗಿಳಿದು ಬಂದು ಹೇಳಿದರು:

“ಚಿಕ್ಕತಾಯಿ, ನಿನ್ನ ಒಲೆಯ ಹೊಗೆಗೆ ಕಂಬಳಿಯಯ್ಯನ ದೀಪ ಕಾವಲಿ ಆಗೋಗಿದೆ ಕಣಮ್ಮ.”

“ಹೊಗೆ ಇಲ್ದೆ ಮುದ್ದೆ ಬೇಯಿಸೋದು ಹೆಂಗೆ ಅಂತ ಕಂಬಳಿಯಯ್ಯನೇ ಹೇಳ್ಕೊಡ್ಲಿ ಬುದ್ಧಿ, ಕಲ್ತ್ಕೋತೀನಿ,” ಎಂದಳು ಚಿಕ್ಕತಾಯಮ್ಮ.

ಆರಾಧ್ಯರಿಗೆ ನಗು ಬಂತು. ಆದರೆ ಮಸಿಯ ವಿಷಯ ಮನಸ್ಸಿನಿಂದ ಹೋಗಲಿಲ್ಲ. ಮರುದಿನ ಅವರು ಉಪವಾಸ ಹಿಡಿದರು. ಕೆಮ್ಮಣ್ಣು, ಸಗಣಿ, ಸುಣ್ಣವನ್ನು ಹದವಾಗಿ ಕಲಸಿ, ಮೂರು ದಿನ ತಾವೇ ಮಂಡಿಯೂರಿ ಕುಳಿತು, ಒಂದೊಂದೇ ಬುಟ್ಟಿಯನ್ನು ಎತ್ತಿಟ್ಟು, ಅಟ್ಟದ ಒಂದೊಂದೇ ಸಂದನ್ನು ಮುಚ್ಚಿದರು. ದೀಪವನ್ನು ಹುಣಸೆಹಣ್ಣು ಹಚ್ಚಿ ಬೆಳಗಿದರು. ಅಟ್ಟ ಕನ್ನಡಿಯಂತಾಯಿತು. ಊರಿನವರೆಲ್ಲ ಏಣಿ ಹತ್ತಿ ನೋಡಿ, ಕೈಮುಗಿದು ಇಳಿದರು.

ಕೆಳಗೆ ಅಡುಗೆಮನೆಯಲ್ಲಿ ಮಾತ್ರ ಬೇರೆಯದೇ ಆಯಿತು. ಹೊಗೆ ಏಣಿಯ ಬಾಯಿಯೊಂದರಿಂದಲೇ ಮೇಲೇರಲಾರದೆ ತಲೆಯ ಮಟ್ಟದಲ್ಲಿ ನಿಂತಿತು. ಚಿಕ್ಕತಾಯಮ್ಮನ ಕಣ್ಣು ಕೆಂಪಾದವು. ಅವಳು ಕಿಟಕಿಯನ್ನು ತೆರೆದಿಟ್ಟಳು. ಹೊಗೆಯೊಂದಿಗೆ ಕಾವೂ ಹೊರಗೆ ಹೋಯಿತು. ಮೇಲೆ ನೀರು ಚಿಮುಕಿಸಲು ಹೋದಾಗ ಅವಳು ಅಭ್ಯಾಸದಂತೆ ಬರಿಗಾಲಿನಲ್ಲಿ ಅಟ್ಟ ತುಳಿದಳು. ಪ್ರತಿ ವರ್ಷ ಅಂಗಾಲಿಗೆ ಹಿತವಾಗಿರುತ್ತಿದ್ದ ಅಟ್ಟ ಈ ಸಲ ಹಸಿಮಣ್ಣಿನಿಂದ ತಣ್ಣಗೆ ಕೊರೆಯುತ್ತಿತ್ತು. ಒಂದು ಮೂಲೆಯಲ್ಲಿ ಕೊಬ್ಬರಿ ಎಣ್ಣೆಯ ಸೀಸೆಯಿತ್ತು. ಚಳಿಗಾಲದಲ್ಲಿ ಎಣ್ಣೆ ಗಟ್ಟಿಯಾಗದಿರಲೆಂದೇ ಅವಳು ಅದನ್ನು ಅಟ್ಟದಲ್ಲಿ ಇಡುತ್ತಿದ್ದಳು. ಅದು ಈಗ ಬೆಣ್ಣೆಯಂತೆ ಹೆಪ್ಪುಗಟ್ಟಿತ್ತು.

ಅವಳು ಸೀಸೆಯನ್ನು ಹಿಡಿದುಕೊಂಡು ಜಗಲಿಗೆ ಬಂದಳು. ಆರಾಧ್ಯರ ಜೊತೆ ಪಟೇಲ ಹೊಂಬಾಳಯ್ಯನೂ ಊರಿನ ನಾಲ್ಕು ಮಂದಿಯೂ ಕುಳಿತಿದ್ದರು.

“ಬುದ್ಧಿ, ಎಣ್ಣೆ ಗಟ್ಟಿ ಆಗ್ಬಿಟ್ಟೈತೆ.”

“ಪುಷ್ಯದಲ್ಲಿ ಎಣ್ಣೆ ಗಟ್ಟಿಯಾಗದೆ ಇನ್ನೇನಮ್ಮ?”

“ಅಟ್ಟದ ಮ್ಯಾಲೆ ಯಾವತ್ತೂ ಆಗಿರ್ನಿಲ್ಲ. ಸಂದು ಮುಚ್ಚಿದ್ಮೇಲೆ ಒಲೆ ಕಾವು ಮೇಲಕ್ಕೆ ಹೋಗ್ತಾ ಇಲ್ಲ ಅನ್ಸುತ್ತೆ.”

ಆರಾಧ್ಯರು ಉತ್ತರಿಸುವ ಮೊದಲೇ ಪಟೇಲ ಬಾಯಿ ಹಾಕಿದ. “ಏನವ್ವಾ, ಎಣ್ಣೆ ಸೀಸೆ ಹಿಡ್ಕೊಂಡು ಕಂಬಳಿಯಯ್ಯನ್ನೇ ಪರೀಕ್ಷೆ ಮಾಡಕ್ಕೆ ಹೊರಟ್ಯಾ? ಸಸಿ ಕಾಯ್ತಾ ಇದ್ದದ್ದು ನಿನ್ನ ಮುದ್ದೆ ಒಲೆಯಾ? ಹಂಗಾದ್ರೆ ನಾಳೆಯಿಂದ ನಿನಗೇ ಹಣ್ಣುಕಾಯಿ ಮಾಡಿಸ್ತೀವಿ ಬಿಡು!”

ಜಗಲಿಯ ಮೇಲಿದ್ದವರು ನಕ್ಕರು. ಆರಾಧ್ಯರು ನಗಲಿಲ್ಲ. “ದೀಪ ಉರೀತಾ ಇದೆಯಲ್ಲಮ್ಮ, ಹೆದರಬೇಡ,” ಎಂದಷ್ಟೇ ಹೇಳಿದರು.

ಚಿಕ್ಕತಾಯಮ್ಮ ಒಳಗೆ ಹೋದಳು. ಒಲೆಯ ಪಕ್ಕದಲ್ಲಿ ಕೊರಡು ಕೆದಕುವ ಕಬ್ಬಿಣದ ಸರಳಿತ್ತು. ಅದನ್ನು ಎತ್ತಿಕೊಂಡು ಕೆಳಗಿನಿಂದಲೇ ಅಟ್ಟಕ್ಕೆ ನಾಲ್ಕು ತೂತು ಹೊಡೆದುಬಿಡೋಣವೆಂದು ಅವಳಿಗೆ ತೋರಿತು. ಹೊಸ ಮಣ್ಣು, ಒಂದು ಪೆಟ್ಟು ಸಾಕಾಗಿತ್ತು. ಸರಳನ್ನು ಎತ್ತಿ, ಮುಚ್ಚಿದ ಒಂದು ಸಂದಿಗೆ ಗುರಿ ಹಿಡಿದಳು. ಮೂರು ದಿನ ಉಪವಾಸವಿದ್ದು ಮೆತ್ತಿದವರ ಮುಖ ನೆನಪಾಯಿತು. ಜಗಲಿಯ ನಗುವೂ ನೆನಪಾಯಿತು. ಸರಳನ್ನು ಮತ್ತೆ ಗೋಡೆಗೆ ಒರಗಿಸಿ ಅಕ್ಕಿ ಆರಿಸಲು ಕುಳಿತಳು. ಆಮೇಲೆ ಎರಡು ದಿನ ಅವಳು ಆ ಮಾತನ್ನು ಎತ್ತಲಿಲ್ಲ.

ಮೂರನೆಯ ಬೆಳಿಗ್ಗೆ ಹುಲ್ಲಿನ ಮೇಲಷ್ಟೇ ಅಲ್ಲ, ಒರತೆಯ ಅಂಚಿನಲ್ಲಿಯೂ ನೀರು ಗಾಜಿನಂತೆ ಕಟ್ಟಿತ್ತು. ಚಿಕ್ಕತಾಯಮ್ಮ ಏಣಿ ಹತ್ತಿ ತಲೆ ಎತ್ತಿದಳು. ದೀಪ ನೆಟ್ಟಗೆ ಉರಿಯುತ್ತಿತ್ತು. ಅದರ ಸುತ್ತ ಮೂವತ್ತೊಂದು ಬುಟ್ಟಿಗಳಲ್ಲಿ ಸಸಿಗಳು ಬಿಸಿನೀರು ಹುಯ್ದ ಸೊಪ್ಪಿನಂತೆ ಕಪ್ಪಗೆ ಮಲಗಿದ್ದವು.

ಅವಳ ಕೂಗು ಕೇಳಿ ಆರಾಧ್ಯರು ಹತ್ತಿ ಬಂದರು. ಒಂದು ಬುಟ್ಟಿಯಿಂದ ಇನ್ನೊಂದಕ್ಕೆ ಹೋಗಿ, ಬಾಗಿ, ಸಸಿಗಳನ್ನು ಒಂದೊಂದಾಗಿ ಎತ್ತಿ ನಿಲ್ಲಿಸಲು ನೋಡಿದರು. ಅವು ನಿಲ್ಲಲಿಲ್ಲ. ದೀಪದ ಬುಡದಲ್ಲಿದ್ದ ಬುಟ್ಟಿಯಲ್ಲಿಯೂ ಒಂದು ಹಸಿರೆಲೆ ಇರಲಿಲ್ಲ. ಕೊನೆಗೆ ಏಣಿಯ ಬಾಯಿಗೆ ಬಂದರು. ಅಲ್ಲಿ ಚಿಕ್ಕತಾಯಮ್ಮನ ಬುಟ್ಟಿಯಲ್ಲಿ ಇಪ್ಪತ್ತಮೂರು ಸಸಿಗಳು ಎದ್ದು ನಿಂತಿದ್ದವು. ಕೆಳಗಿನ ಒಲೆಯ ಕಾವು ಏಣಿಯ ಬಾಯಿಯಿಂದ ಏರಿ ಆರಾಧ್ಯರ ಮುಖಕ್ಕೆ ತಾಗಿತು. ಅವರು ಆ ಕಂಡಿಯ ಅಂಚಿನಲ್ಲಿ ಕೈ ಇಟ್ಟರು. ಆಮೇಲೆ ತಾವು ಮೆತ್ತಿದ ನೆಲದ ಮೇಲೆ ಕೈ ಇಟ್ಟರು. ಬಹಳ ಹೊತ್ತು ಕೈ ತೆಗೆಯಲಿಲ್ಲ.

“ನೀನು ಹೇಳಿದ್ದೆ,” ಎಂದರು.

“ಒಂದು ಸಲ ಹೇಳ್ದೆ ಬುದ್ಧಿ. ಇನ್ನೊಂದು ಸಲ ಹೇಳ್ಬೇಕಾಗಿತ್ತು. ಸರಳು ಕೈಯಲ್ಲೇ ಇತ್ತು.”

ಬಿಸಿಲು ಬರುವಷ್ಟರಲ್ಲಿ ಊರು ಮಠದ ಮುಂದೆ ಸೇರಿತು. ಹೆಂಗಸರು ಕೆಲವರು ಬುಟ್ಟಿಗಳನ್ನು ಮಡಿಲಲ್ಲಿಟ್ಟುಕೊಂಡು ಅತ್ತರು. ಕಾರಣ ಕೇಳುವ ಮೊದಲು ಎಲ್ಲರ ಕಣ್ಣೂ ಬದುಕಿದ್ದ ಒಂದು ಬುಟ್ಟಿಯ ಮೇಲೆ ನಿಂತಿತು.

“ಎಲ್ಲರದೂ ಸತ್ತು ಇವಳದೊಂದು ಉಳೀತು ಅಂದ್ರೆ ಏನರ್ಥ?” ಎಂದ ಪಟೇಲ. “ಸೀಸೆ ಹಿಡ್ಕೊಂಡು ಬಂದು ಸಿದ್ಧರ ದೀಪನ ಅನುಮಾನಿಸಿದಾಗಲೇ ನನಗೆ ಗೊತ್ತಾಯ್ತು. ಕಂಬಳಿಯಯ್ಯ ಮುನಿಸ್ಕೊಂಡವ್ನೆ. ಇವಳು ಏನು ಮಾಡಿದ್ಲೋ, ಏನು ಮುಟ್ಟಿದ್ಲೋ!”

“ನೀರು ಹಾಕೋಳೂ ಇವಳೇ ಅಲ್ವಾ?” ಎಂದಿತು ಹಿಂದಿನಿಂದ ಒಂದು ದನಿ.

ಚಿಕ್ಕತಾಯಮ್ಮ ಬಾಗಿಲ ಕಂಬ ಹಿಡಿದು ನಿಂತಿದ್ದಳು. ಆರಾಧ್ಯರ ಕಡೆಗೆ ನೋಡಿದಳು. ಅವರು ಒಂದು ಮಾತೂ ಆಡಬೇಕಾಗಿರಲಿಲ್ಲ. ಸುಮ್ಮನೆ ತಲೆ ತಗ್ಗಿಸಿದ್ದರೂ ಸಾಕು, ಊರು ತನ್ನ ಕಾರಣವನ್ನು ತಾನೇ ಕಂಡುಕೊಂಡಿತ್ತು. ಅವರ ಹೆಸರಿಗೆ ಒಂದು ಕಲೆಯೂ ತಗಲುತ್ತಿರಲಿಲ್ಲ.

ಆರಾಧ್ಯರು ಜಗಲಿಯಿಂದ ಕೆಳಗಿಳಿದು ಅಂಗಳದಲ್ಲಿ ನಿಂತರು.

“ಅವಳೇನೂ ಮಾಡಲಿಲ್ಲ. ಸಸಿಗಳನ್ನು ಇಷ್ಟು ವರ್ಷ ಬೆಚ್ಚಗಿಟ್ಟದ್ದು ಅವಳ ಒಲೆ. ಕಾವು ಏರಲಿ ಅಂತಲೇ ಅಟ್ಟ ಕಟ್ಟಿದವರು ಸಂದು ಬಿಟ್ಟಿದ್ದರು. ದೀಪಕ್ಕೆ ಮಸಿಯಾಗುತ್ತೆ ಅಂತ ಆ ಸಂದನ್ನು ಮುಚ್ಚಿದವನು ನಾನು. ಅವಳು ಎಚ್ಚರಿಸಿದಳು. ನಾನು ಕೇಳಲಿಲ್ಲ. ನಿಮ್ಮ ಸಸಿ ಕೊಂದವನು ನಾನು. ಬೇಕಾದರೆ ಮೇಲೆ ಬನ್ನಿ, ಕೈಯಿಟ್ಟು ನೋಡಿ.”

ಪಟೇಲನ ಕಣ್ಣಲ್ಲಿ ನೀರು ತುಂಬಿತು. ಅವನು ಜನರ ಕಡೆಗೆ ತಿರುಗಿದ.

“ಕೇಳಿದ್ರೇನ್ರಪ್ಪಾ? ಒಬ್ಬ ಅಡುಗೆಯೋಳ ಮಾನ ಉಳಿಸಕ್ಕೆ ಅಯ್ನೋರು ಪಾಪನೆಲ್ಲ ತಮ್ಮ ತಲೆ ಮ್ಯಾಲೆ ಹಾಕ್ಕೊಂಡ್ರು! ಕಂಬಳಿಯಯ್ಯನೇ ಮತ್ತೆ ಹುಟ್ಟಿ ಬಂದಂಗೆ ಅಲ್ವಾ?”

ಹೌದೆಂದರು ಜನ. ಮುಂದೆ ಬಂದು ಒಬ್ಬೊಬ್ಬರಾಗಿ ಆರಾಧ್ಯರ ಕಾಲಿಗೆ ಬಿದ್ದರು. “ಬೇಡ, ಮೇಲೆ ಬಂದು ನೋಡಿ,” ಎಂದು ಅವರು ಹಿಂದೆ ಸರಿದಷ್ಟೂ ಜನ ಮುಂದೆ ಬಂದರು. ಏಣಿ ಹತ್ತಿ ಕೈಯಿಟ್ಟು ನೋಡಿದವರು ಇಬ್ಬರೇ, ಇಬ್ಬರೂ ಹೆಂಗಸರು. ಅವರು ಕೆಳಗಿಳಿದು ಬಂದು ನಿಜವೆಂದು ಹೇಳಿದರು. ಅವರ ಮನೆಯವರು ಅವರನ್ನು ಗದರಿ ಕರೆದುಕೊಂಡು ಹೋದರು.

ಆರಾಧ್ಯರು ಅದೇ ದಿನ ಮಣ್ಣನ್ನೆಲ್ಲ ಕೆತ್ತಿ ತೆಗೆದರು. ಚಳಿ ಮುರಿದ ಮೇಲೆ ಇಪ್ಪತ್ತಮೂರು ಸಸಿಗಳನ್ನು ಚಿಕ್ಕತಾಯಮ್ಮ ಮಠದ ಹಿತ್ತಿಲಿನಲ್ಲಿ ನೆಟ್ಟಳು. ಒಂದು ಕಾಯಿಯನ್ನೂ ಅಡುಗೆಗೆ ಕೊಯ್ಯುವುದಿಲ್ಲ, ಎಲ್ಲವನ್ನೂ ಬಲಿಯಲು ಬಿಟ್ಟು ಬೀಜವನ್ನು ಮೂವತ್ತೊಂದು ಮನೆಗೂ ಹಂಚುತ್ತೇನೆ ಎಂದು ಹೇಳಿ ಕಳುಹಿಸಿದಳು. “ಸಿದ್ಧರು ಉಳಿಸಿಕೊಟ್ಟ ಸಸಿ, ಅವಳು ಹಂಚೋದೇನು ಬಂತು,” ಎಂಬ ಉತ್ತರ ಬಂತು.

ಆದರೆ ಬೀಜವಾಗಿ ಮತ್ತೆ ಬೆಳೆ ಕೈಗೆ ಬರಲು ಒಂದು ವರ್ಷ ಬೇಕು; ಹೊಟ್ಟೆ ಅಷ್ಟು ದಿನ ಕಾಯುವುದಿಲ್ಲ. ಶಿವರಾತ್ರಿ ಕಳೆದ ವಾರ ಹದಿನಾಲ್ಕು ಮನೆಗಳವರು ಪಾತ್ರೆಪಗಡ ಕಟ್ಟಿಕೊಂಡು ಬಯಲುಸೀಮೆಗೆ ಕೂಲಿಗೆ ಹೊರಟರು. ದಾರಿ ಮಠದ ಮುಂದೆಯೇ ಹೋಗುತ್ತಿತ್ತು. ಆರಾಧ್ಯರು ಅಂಗಳದಲ್ಲಿ ನಿಂತು, ಪ್ರತಿಯೊಬ್ಬರಿಗೂ, “ಸಂದು ಮುಚ್ಚಿದ್ದು ನಾನು ಕಣಪ್ಪ,” “ಸಂದು ಮುಚ್ಚಿದ್ದು ನಾನು ಕಣವ್ವ,” ಎಂದರು. ಪ್ರತಿಯೊಬ್ಬರೂ ಪ್ರೀತಿಯಿಂದ ನಕ್ಕು, ಅವರ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡು ಇಳಿದರು. ಹಿತ್ತಿಲಿನಲ್ಲಿ ಗಿಡಕ್ಕೆ ನೀರು ಹಾಕುತ್ತಿದ್ದ ಚಿಕ್ಕತಾಯಮ್ಮನನ್ನು ಒಬ್ಬರೂ ಮಾತನಾಡಿಸಲಿಲ್ಲ.

ನೀತಿ: ನಮ್ಮನ್ನು ಕಾಪಾಡುತ್ತಿರುವುದು ಯಾವುದೆಂದು ವಿಚಾರಿಸದೆ ಪೂಜಿಸುವವರು, ಕಾಪಾಡುತ್ತಿರುವುದನ್ನೇ ಭಕ್ತಿಯಿಂದ ನಾಶಮಾಡಬಲ್ಲರು. ಆದ್ದರಿಂದ ಅಪಾಯವನ್ನು ಕಂಡವರು, ಜನ ಒಮ್ಮೆ ನಕ್ಕರೆಂದು ಸುಮ್ಮನಾಗದೆ ಮತ್ತೆ ಹೇಳಬೇಕು. ತಪ್ಪು ಮಾಡಿದವರು, ಜನ ಬೇರೊಂದು ಕಥೆಯನ್ನು ನಂಬುವ ಮೊದಲೇ, ತಮ್ಮ ಮಾತನ್ನು ಅವರು ನಂಬದಿದ್ದರೂ, ತಪ್ಪನ್ನು ಒಪ್ಪಿಕೊಳ್ಳಬೇಕು. ಏಕೆಂದರೆ ತಡವಾಗಿ ಹೇಳಿದ ನಿಜಕ್ಕೆ ಕಥೆಯೊಡನೆ ಸೆಣಸುವ ಶಕ್ತಿ ಉಳಿದಿರುವುದಿಲ್ಲ.